ಕಾಫಿ ಕಣದ ಮೇಲೆ ಎರಡು ಹಲಗೆ, ಒಂದು ಹಳೆಯ ಕ್ಯಾಮೆರಾ

ನಮ್ಮ ಕಾಫಿ ಒಣಗಿಸುವ ಕಣದ ಮಧ್ಯೆ ನಿಂತು ಉತ್ತರಕ್ಕೆ ನೋಡಿದರೆ ಧ್ರುವ ನಕ್ಷತ್ರ ಕಾಣುವುದಿಲ್ಲ. ಉತ್ತರ ಗೋಳಾರ್ಧದ ಯಾವ ಊರಿನಲ್ಲಾದರೂ ಅದು ಹೆಚ್ಚುಕಡಿಮೆ ಆ ಊರಿನ ಅಕ್ಷಾಂಶದಷ್ಟು ಎತ್ತರದಲ್ಲಿ ಇರುತ್ತದೆ. ಚಿಕ್ಕಮಗಳೂರು 13.3 ಡಿಗ್ರಿ, ಮೂಡಿಗೆರೆಯ ಕಡೆಗೆ ಇರುವ ನಮ್ಮ ಎಸ್ಟೇಟು ಸುಮಾರು 13.2. ಕೈ ನೀಡಿ ಮುಷ್ಟಿ ಹಿಡಿದರೆ ಹತ್ತು ಡಿಗ್ರಿ ಎಂದು ಲೆಕ್ಕ; ಅಂದರೆ ಧ್ರುವ ಇರುವುದು ಒಂದು ಮುಷ್ಟಿಗಿಂತ ಸ್ವಲ್ಪ ಮೇಲೆ. ಅಷ್ಟು ಎತ್ತರವನ್ನು ಇಲ್ಲಿ ಸಿಲ್ವರ್ ಓಕ್ ಮರಗಳ ಸಾಲು ಪೂರ್ತಿಯಾಗಿ ಮುಚ್ಚಿಬಿಟ್ಟಿದೆ. ಪ್ರತಿ ಮರಕ್ಕೂ ಮೆಣಸಿನ ಬಳ್ಳಿ ಹಬ್ಬಿದೆ. ಒಂದು ಕೊಂಬೆ ಕಡಿಸಿ ಎಂದು ಕೇಳುವ ಹಾಗಿಲ್ಲ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ನೀಹಾರಿಕೆ, ತಾರಾಗುಚ್ಛಗಳ ಫೋಟೊ ತೆಗೆಯಲು ಹೊರಟವರಿಗೆ ಎಲ್ಲೆಡೆ ಸಿಗುವ ಮೊದಲ ಪಾಠ ‘ಧ್ರುವಕ್ಕೆ ಗುರಿ ಹಿಡಿಯಿರಿ’ ಎಂಬುದು. ಆಕಾಶದ ಜೊತೆ ಕ್ಯಾಮೆರಾವನ್ನು ತಿರುಗಿಸುವ ಯಂತ್ರದ ಅಕ್ಷ ಆ ಕಡೆಗೇ ಇರಬೇಕು. ನನಗೆ ಆ ಮೊದಲ ಹೆಜ್ಜೆಯಲ್ಲೇ ದಾರಿ ಮುಚ್ಚಿತ್ತು. ಕೊನೆಗೆ ಉತ್ತರ ದಿಕ್ಕು ಸಿಕ್ಕಿದ್ದು ರಾತ್ರಿಯಲ್ಲಲ್ಲ, ಹಗಲು ಬಿಸಿಲಿನಲ್ಲಿ, ಒಂದು ಕಡ್ಡಿಯ ನೆರಳಿನಿಂದ. ಮಲೆನಾಡಿನಲ್ಲಿ ಮರಗಳ ನಡುವೆ ಇರುವ ಯಾರಿಗಾದರೂ ಇದು ಉಪಯೋಗಕ್ಕೆ ಬಂದೀತು ಎಂದು ಮಾಡಿದ್ದನ್ನೆಲ್ಲ, ಕೆಟ್ಟಿದ್ದನ್ನೂ ಸೇರಿಸಿ, ಬರೆದಿಡುತ್ತಿದ್ದೇನೆ.

ನಾನು ಈ ಎಸ್ಟೇಟಿನಲ್ಲಿ ರೈಟರ್. ಹಾಜರಿ, ಕೂಲಿ, ಕೊಯ್ಲಿನಲ್ಲಿ ಹಣ್ಣಿನ ತೂಕ ಬರೆಯುವುದು ನನ್ನ ಕೆಲಸ. ಕ್ಯಾಮೆರಾ ಹಾಸನದಲ್ಲಿ ಮದುವೆ ಫೋಟೊ ತೆಗೆಯುವವರೊಬ್ಬರಿಂದ ಕೊಂಡ ಹಳೆಯ ಕ್ಯಾನನ್ ಇಒಎಸ್ 1100ಡಿ. ಜೊತೆಗೆ 50 ಮಿ.ಮೀ. ಎಫ್ 1.8 ಲೆನ್ಸು. ಎರಡಕ್ಕೂ ಸೇರಿ ಒಂಬತ್ತು ಸಾವಿರ ರೂಪಾಯಿ ಕೊಟ್ಟೆ. ಟೆಲಿಸ್ಕೋಪ್ ಇಲ್ಲ. ಬೇಕಾಗಿಯೂ ಇಲ್ಲ ಎಂದು ಈಗ ಧೈರ್ಯವಾಗಿ ಹೇಳುತ್ತೇನೆ. ಆರಂಭಕ್ಕೆ 50 ಮಿ.ಮೀ. ಲೆನ್ಸಿನಷ್ಟು ತಪ್ಪುಗಳನ್ನು ಮನ್ನಿಸುವ ಸಾಧನ ಬೇರೊಂದಿಲ್ಲ. ಅದು ಯಾಕೆ ಎಂಬುದು ಮುಂದೆ ಲೆಕ್ಕದಲ್ಲೇ ಕಾಣುತ್ತದೆ.

ಆರು ಸೆಕೆಂಡಿನ ಗಡಿ

ಭೂಮಿ ತನ್ನ ಅಕ್ಷದ ಮೇಲೆ ಒಂದು ಸುತ್ತು ಮುಗಿಸಲು 23 ಗಂಟೆ 56 ನಿಮಿಷ 4 ಸೆಕೆಂಡು ಬೇಕು. ಹಾಗಾಗಿ ಆಕಾಶ ನಮ್ಮ ಮೇಲೆ ಸೆಕೆಂಡಿಗೆ 15 ವಿಕಲೆಗಿಂತ ತುಸು ಹೆಚ್ಚು ಸರಿಯುತ್ತದೆ. ಒಂದು ಡಿಗ್ರಿಗೆ 60 ಕಲೆ, ಒಂದು ಕಲೆಗೆ 60 ವಿಕಲೆ. ಆರ್ಕ್‌ಸೆಕೆಂಡ್ ಎನ್ನುವುದೂ ಇದನ್ನೇ. ಪಂಚಾಂಗದ ಹಳೆಯ ಮಾತು ಕೈಯಲ್ಲಿರುವಾಗ ಅದನ್ನೇ ಬಳಸುತ್ತೇನೆ.

ಈ ಕ್ಯಾಮೆರಾದ ಒಂದೊಂದು ಪಿಕ್ಸೆಲ್ 5.2 ಮೈಕ್ರಾನ್ ಅಗಲ. 50 ಮಿ.ಮೀ. ಲೆನ್ಸಿನ ಹಿಂದೆ ಅದು ಆಕಾಶದ 21 ವಿಕಲೆಯನ್ನು ನೋಡುತ್ತದೆ. ಕ್ಯಾಮೆರಾವನ್ನು ಅಲುಗಾಡದಂತೆ ಇಟ್ಟು ಆರು ಸೆಕೆಂಡು ಶಟರ್ ತೆರೆದರೆ ನಕ್ಷತ್ರ 90 ವಿಕಲೆ, ಅಂದರೆ ನಾಲ್ಕು ಪಿಕ್ಸೆಲ್‌ಗಿಂತ ಹೆಚ್ಚು ಸರಿದಿರುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ತೆರೆದರೆ ಚುಕ್ಕಿಗಳು ಗೀಟುಗಳಾಗುತ್ತವೆ. ನವೆಂಬರಿನಲ್ಲಿ ಮಳೆ ಬಿಟ್ಟ ನಾಲ್ಕು ರಾತ್ರಿ ಹೀಗೆಯೇ ಆರಾರು ಸೆಕೆಂಡಿನ ಚಿತ್ರ ತೆಗೆದೆ. ಕೃತ್ತಿಕೆ ಚೆನ್ನಾಗಿ ಬಂತು. ಮಹಾವ್ಯಾಧನ (ಓರಾಯನ್ ನಕ್ಷತ್ರಪುಂಜದ) ಕತ್ತಿಯ ಜಾಗದಲ್ಲಿ ಬೂದು ಬಣ್ಣದ ಮಸುಕೊಂದು ಇತ್ತು. ಆ ಮಸುಕು ಸುಮಾರು 1,340 ಜ್ಯೋತಿರ್ವರ್ಷ ದೂರದ ಓರಾಯನ್ ನೀಹಾರಿಕೆ ಎಂದು ಗೊತ್ತಾದ ಮೇಲೆ ಆರು ಸೆಕೆಂಡಿಗೆ ತೃಪ್ತನಾಗಿ ಕೂರಲು ಸಾಧ್ಯವಾಗಲಿಲ್ಲ. ಕ್ಯಾಮೆರಾ ಆಕಾಶದ ಜೊತೆಗೇ ತಿರುಗಬೇಕು.

ಹಲಗೆ, ಕೀಲು, ರಾಡು

ಹಾಗೆ ತಿರುಗಿಸಲು ಅಂಗಡಿಯಲ್ಲಿ ಸಿಗುವ ಟ್ರ್ಯಾಕರ್‌ಗಳ ಬೆಲೆ ನನ್ನ ಕ್ಯಾಮೆರಾದ ಬೆಲೆಗಿಂತ ಬಹಳ ಹೆಚ್ಚು. ಆದರೆ ಎರಡು ಹಲಗೆಯನ್ನು ಕೀಲಿನಿಂದ ಜೋಡಿಸಿ, ಒಂದು ಬೋಲ್ಟಿನಿಂದ ನಿಧಾನವಾಗಿ ಅಗಲಿಸುವ ಸರಳ ಉಪಾಯ ಇದೆ. ಸ್ಕಾಟ್ಲೆಂಡಿನ ಜಿ. ವೈ. ಹೇಗ್ ಅದರ ನಕ್ಷೆಯನ್ನು 1975ರಲ್ಲಿ ‘ಸ್ಕೈ ಅಂಡ್ ಟೆಲಿಸ್ಕೋಪ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಕೀಲಿನ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿದ್ದು, ಮೇಲಿನ ಹಲಗೆ ನಿಮಿಷಕ್ಕೆ ಕಾಲು ಡಿಗ್ರಿಯಂತೆ ತೆರೆದುಕೊಂಡರೆ ಅದರ ಮೇಲಿನ ಕ್ಯಾಮೆರಾಕ್ಕೆ ಆಕಾಶ ನಿಂತಂತೆಯೇ.

ಲೆಕ್ಕ ಹೀಗೆ. ಎಂ6 ಥ್ರೆಡ್ ರಾಡಿನಲ್ಲಿ ನಟ್ಟು ಒಂದು ಸುತ್ತು ತಿರುಗಿದರೆ ಒಂದು ಮಿ.ಮೀ. ಸರಿಯುತ್ತದೆ. ನಿಮಿಷಕ್ಕೆ ಒಂದು ಸುತ್ತು ತಿರುಗಿಸಿ ನಿಮಿಷಕ್ಕೆ 0.2507 ಡಿಗ್ರಿ ತೆರೆಯಬೇಕಾದರೆ ಕೀಲಿನ ಕಡ್ಡಿಯ ಮಧ್ಯದಿಂದ ರಾಡಿನ ಮಧ್ಯಕ್ಕೆ 228.6 ಮಿ.ಮೀ. ದೂರ ಬೇಕು. ಎಂ8 ರಾಡು ಬಳಸುವವರಿಗೆ ಅದರ ಪಿಚ್ (ಒಂದು ಸುತ್ತಿಗೆ ಸರಿಯುವ ದೂರ) 1.25 ಮಿ.ಮೀ. ಆದ್ದರಿಂದ ದೂರ 285.7. ಇಲ್ಲಿ ಒಂದು ಮಿ.ಮೀ. ತಪ್ಪಿದರೂ ವೇಗದಲ್ಲಿ ಸುಮಾರು ಶೇಕಡಾ 0.4ರಷ್ಟು ವ್ಯತ್ಯಾಸ ಬರುತ್ತದೆ. ಹಾಗಾಗಿ ಮರಗೆಲಸದ ಟೇಪು ಸಾಲದು, ಉಕ್ಕಿನ ಸ್ಕೇಲಿನಲ್ಲಿ ಅಳೆಯಿರಿ.

ಹಲಗೆಗೆ ಹಳೆಯ ಬಾಗಿಲಿನ ತೇಗ ಸಿಕ್ಕಿತು. ಎರಡು ತುಂಡು, ಪ್ರತಿಯೊಂದು 30 ಸೆಂ.ಮೀ. ಉದ್ದ, 28 ಸೆಂ.ಮೀ. ಅಗಲ. ಉದ್ದನೆಯ ಬದಿಗೆ ತುದಿಯಿಂದ ತುದಿಯವರೆಗೆ ಒಂದೇ ಪಿಯಾನೊ ಹಿಂಜ್. ಎರಡು ಬಿಡಿ ಬಾಗಿಲ ಕೀಲುಗಳನ್ನು ಹಾಕಿದರೆ ಅವುಗಳ ಅಕ್ಷ ಒಂದೇ ಗೆರೆಯಲ್ಲಿ ಕೂರುವುದು ಕಷ್ಟ, ಕಡ್ಡಿಯಲ್ಲಿ ಆಟವೂ ಇರುತ್ತದೆ. ಹಲಗೆ ಹೆರೆದುಕೊಟ್ಟ ಆಚಾರರು “ರೈಟರೇ, ಇದು ಯಾವ ಪೆಟ್ಟಿಗೆಯ ಮುಚ್ಚಳ?” ಎಂದು ಕೇಳಿದರು. ಆಕಾಶದ ಮುಚ್ಚಳ ಇದ್ದ ಹಾಗೆ, ನಿಧಾನವಾಗಿ ತೆರೆಯಬೇಕು ಎಂದು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಕೀಲಿನಲ್ಲಿ ಎಳ್ಳಷ್ಟೂ ಆಟ ಇರಬಾರದು” ಎಂದು ತಾವೇ ಹೇಳಿ, ಸ್ಕ್ರೂಗಳನ್ನೆಲ್ಲ ಬಿಚ್ಚಿ ಮತ್ತೊಮ್ಮೆ ಕೂರಿಸಿದರು. ಆ ಒಂದು ಮಾತಿನಲ್ಲಿ ಅರ್ಧ ಕೆಲಸ ಆಗಿಹೋಯಿತು.

ರಾಡನ್ನು ನೇರವಾಗಿ ಬಿಡಬೇಕೋ ಬಾಗಿಸಬೇಕೋ ಎಂದು ಬಹಳ ಯೋಚಿಸಿದೆ. ನೇರ ರಾಡಾದರೆ ಹಲಗೆ ತೆರೆದಂತೆಲ್ಲ ವೇಗ ತಪ್ಪುತ್ತ ಹೋಗುತ್ತದೆ. ಹತ್ತು ನಿಮಿಷಕ್ಕೆ ಬೀಳುವ ತಪ್ಪು ಆರು ವಿಕಲೆ ಮಾತ್ರ, ಇಪ್ಪತ್ತು ನಿಮಿಷಕ್ಕೆ 46, ಒಂದು ಗಂಟೆಗೆ ಮಾತ್ರ ಸುಮಾರು 20 ಕಲೆ. ಹದಿನೈದು ನಿಮಿಷಕ್ಕೊಮ್ಮೆ ಹಿಂದಕ್ಕೆ ತಿರುಗಿಸಿಕೊಳ್ಳುವ ತಾಳ್ಮೆ ಇರುವವರಿಗೆ ನೇರ ರಾಡೇ ಸಾಕು. ನನಗೆ ಒಂದೂವರೆ ಗಂಟೆ ತಡೆಯಿಲ್ಲದೆ ಓಡಬೇಕಿತ್ತು. ಪ್ಲೈವುಡ್ಡಿನ ಮೇಲೆ 228.6 ಮಿ.ಮೀ. ತ್ರಿಜ್ಯದ ಕಂಸ ಎಳೆದು, ಅದರ ಮೇಲೆ ಇಟ್ಟು ಇಟ್ಟು ನೋಡುತ್ತ ಕೈಯಿಂದಲೇ ರಾಡನ್ನು ಬಾಗಿಸಿದೆ. ಅದು ಮೇಲಿನ ಹಲಗೆಗೆ ಬಿಗಿಯಾಗಿ ಸೇರಿದೆ, ಕೆಳಗಿನ ಹಲಗೆಯ ರಂಧ್ರದ ಮೂಲಕ ಇಳಿದಿದೆ. ಕೆಳಗಿನ ಹಲಗೆಯ ಮೇಲೆ ಕೂತ ನಟ್ಟು ತಿರುಗಿದಂತೆ ರಾಡು ಮೇಲೇರುತ್ತದೆ. ಹಲಗೆ ಮತ್ತು ಕ್ಯಾಮೆರಾದ ಭಾರ ಸದಾ ನಟ್ಟಿನ ಮೇಲೆ ಒತ್ತುವುದರಿಂದ ಥ್ರೆಡ್ಡಿನ ಸಡಿಲ ಕಾಣಿಸುವುದಿಲ್ಲ.

ನಟ್ಟನ್ನು ತಿರುಗಿಸಲು 28ಬಿವೈಜೆ-48 ಎಂಬ ಹೆಜ್ಜೆ ಹೆಜ್ಜೆಯಾಗಿ ತಿರುಗುವ ಐದು ವೋಲ್ಟಿನ ಪುಟ್ಟ ಸ್ಟೆಪರ್ ಮೋಟರ್, ಅದರ ಯುಎಲ್ಎನ್2003 ಬೋರ್ಡು ಮತ್ತು ಅದಕ್ಕೆ ಆಜ್ಞೆ ಕೊಡುವ ಪುಟ್ಟ ಕಂಪ್ಯೂಟರ್ ಬೋರ್ಡು ಆರ್ಡುಯಿನೊ ನ್ಯಾನೊ ತರಿಸಿದೆ. ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ ಒಂದೇ ಅಳತೆಯ ಎರಡು ಗಿಯರುಗಳನ್ನು ತ್ರೀಡಿ ಪ್ರಿಂಟ್ ಮಾಡಿಸಿ ಕಳುಹಿಸಿದ. ಒಂದು ಮೋಟರಿಗೆ, ಇನ್ನೊಂದರ ಹೊಟ್ಟೆಯಲ್ಲಿ ನಟ್ಟು. ಎಲ್ಲವೂ ಮೊಬೈಲ್ ಚಾರ್ಜ್ ಮಾಡುವ ಪವರ್ ಬ್ಯಾಂಕಿನಿಂದ ನಡೆಯುತ್ತದೆ.

ಈ ಮೋಟರಿನ ಬಗ್ಗೆ ಒಂದು ಮಾತು ಮುಖ್ಯ. ಅರ್ಧ ಹೆಜ್ಜೆಯಂತೆ ನಡೆಸಿದರೆ ಸುತ್ತಿಗೆ 4,096 ಹೆಜ್ಜೆ ಎಂದು ಎಲ್ಲರೂ ಬರೆಯುತ್ತಾರೆ. ನಾನೂ ಅದನ್ನೇ ನಂಬಿ ಹೆಜ್ಜೆಗೆ 14.65 ಮಿಲಿಸೆಕೆಂಡು ಕೊಟ್ಟೆ. ಗಿಯರಿನ ಒಂದು ಹಲ್ಲಿಗೆ ಬಿಳಿ ಬಣ್ಣದ ಚುಕ್ಕೆ ಇಟ್ಟು, ಕಚೇರಿಯ ಮೇಜಿನ ಮೇಲೆ ಓಡಲು ಬಿಟ್ಟು, ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಅರವತ್ತು ಸುತ್ತು ಎಣಿಸಿದೆ. ಒಂದು ಗಂಟೆ ಆಗಬೇಕಿತ್ತು; 59 ನಿಮಿಷ 42 ಸೆಕೆಂಡಿಗೇ ಮುಗಿಯಿತು. ಒಳಗಿನ ಗಿಯರುಗಳ ನಿಜವಾದ ಅನುಪಾತ 64 ಅಲ್ಲ, 63.68. ಹಾಗಾಗಿ ಸುತ್ತಿಗೆ ಸುಮಾರು 4,076 ಹೆಜ್ಜೆ. ಕಾಲವನ್ನು 14.72 ಮಿಲಿಸೆಕೆಂಡಿಗೆ ತಿದ್ದಿದ ಮೇಲೆ ಅರವತ್ತನೆಯ ಸುತ್ತು ಗಂಟೆಗೆ ಸರಿಯಾಗಿ ಬಂತು. ಮೋಡದ ರಾತ್ರಿಯಲ್ಲೂ ಮಾಡಬಹುದಾದ ಈ ಪರೀಕ್ಷೆಯನ್ನು ಯಾರೂ ಬಿಡಬೇಡಿ.

ತಿರುಗುಮುರುಗಾದ ಮೊದಲ ರಾತ್ರಿ

ಪರದೇಶದವರು ಮಾಡಿದ ಇಂಥ ಹಲಗೆಗಳ ಚಿತ್ರ ನೋಡಿದರೆ ಕೀಲು ಓರೆಯಾಗಿ ಮೇಲಕ್ಕೆ ನಿಂತಿರುತ್ತದೆ. ಅವರ ಧ್ರುವ ನಲವತ್ತು, ಐವತ್ತು ಡಿಗ್ರಿ ಎತ್ತರದಲ್ಲಿ ಇರುತ್ತದೆ. ನಮ್ಮದು ಹಾಗಲ್ಲ. 13 ಡಿಗ್ರಿ ಎಂದರೆ ಕೀಲು ಬಹುಮಟ್ಟಿಗೆ ಮಲಗಿದಂತೆಯೇ. ಇದರಿಂದ ಒಂದು ಅನುಕೂಲವಿದೆ: ಟ್ರೈಪಾಡ್ ಬೇಡ. ತಳ 300 ಮಿ.ಮೀ., ಉತ್ತರದ ತುದಿಯ ಎತ್ತರ 70 ಮಿ.ಮೀ. ಇರುವ ತ್ರಿಕೋನದ ಒರಗು ಮಾಡಿಸಿ, ಅದರ ಮೇಲೆ ಹಲಗೆ ಕೂರಿಸಿದರೆ ಕೀಲು ತಾನಾಗಿ 13.1 ಡಿಗ್ರಿ ಏರಿರುತ್ತದೆ. ಒರಗಿನ ಕೆಳಗೆ ಎರಡು ಸಿಮೆಂಟಿನ ಸಾಲಿಡ್ ಬ್ಲಾಕ್, ಮಟ್ಟ ನೋಡಲು ಗಾರೆಯವರ ರಸಮಟ್ಟ. ಗಾಳಿಗೆ ಅಲುಗುವ ಪ್ರಶ್ನೆಯೇ ಇಲ್ಲ. ಬ್ಲಾಕುಗಳ ನಡುವೆ ರಾಡಿನ ತುದಿ ಇಳಿಯಲು ಜಾಗ ಬಿಡುವುದು ಮಾತ್ರ ನೆನಪಿರಲಿ.

ಡಿಸೆಂಬರಿನ ಮೊದಲ ತೆರವಾದ ರಾತ್ರಿ ಕೀಲನ್ನು ದಿಕ್ಸೂಚಿ ನೋಡಿ ಉತ್ತರಕ್ಕೆ ಇಟ್ಟು ಒಂದು ನಿಮಿಷದ ಚಿತ್ರ ತೆಗೆದೆ. ಚುಕ್ಕಿಯ ಬದಲು ಗೀಟು. ಇನ್ನೊಂದು, ಮತ್ತೊಂದು, ಎಲ್ಲದರಲ್ಲೂ ಗೀಟು. ಮೋಟರನ್ನು ನಿಲ್ಲಿಸಿ ಅಷ್ಟೇ ಹೊತ್ತಿನ ಚಿತ್ರ ತೆಗೆದು ಎರಡನ್ನೂ ಪಕ್ಕದಲ್ಲಿಟ್ಟು ಅಳೆದೆ. ಮೋಟರ್ ಓಡುತ್ತಿದ್ದಾಗಿನ ಗೀಟು ನಿಂತಿದ್ದಾಗಿನ ಗೀಟಿನ ಎರಡರಷ್ಟು ಉದ್ದ. ಸರಿಯಾಗಿ ಎರಡರಷ್ಟು! ಆಗ ಕಾರಣ ಹೊಳೆಯಿತು. ಯಂತ್ರ ಸರಿಯಾದ ವೇಗದಲ್ಲೇ ಓಡುತ್ತಿದೆ, ದಿಕ್ಕು ಮಾತ್ರ ಉಲ್ಟಾ. ಕೀಲನ್ನು ಪೂರ್ವದ ಬದಿಗೆ ಇಟ್ಟಿದ್ದೆ. ಉತ್ತರಕ್ಕೆ ಮುಖ ಮಾಡಿ ನಿಂತರೆ ಆಕಾಶ ಬಲದಿಂದ ಮೇಲೇರಿ ಎಡಕ್ಕೆ ಇಳಿಯುತ್ತದೆ. ಮೇಲಿನ ಹಲಗೆಯೂ ಹಾಗೆಯೇ ತಿರುಗಬೇಕಾದರೆ ಕೀಲು ಎಡಕ್ಕೆ, ಅಂದರೆ ಪಶ್ಚಿಮಕ್ಕೆ ಇರಬೇಕು, ಬಾಯಿ ಪೂರ್ವಕ್ಕೆ ತೆರೆಯಬೇಕು. ಹಲಗೆಯ ಮೇಲೆ ಕೆಂಪು ಬಣ್ಣದಲ್ಲಿ ‘ಪಶ್ಚಿಮ’ ಎಂದು ಬರೆದಿಟ್ಟೆ. ಗೀಟು ಎರಡರಷ್ಟಾಗಿದ್ದು ನಿಜಕ್ಕೂ ಒಳ್ಳೆಯ ಸುದ್ದಿಯೇ ಆಗಿತ್ತು: ವೇಗದ ಲೆಕ್ಕ ಸರಿ ಎಂಬುದಕ್ಕೆ ಅದೇ ಸಾಕ್ಷಿ.

ತಿರುಗಿಸಿ ಇಟ್ಟ ಮೇಲೆ ಗೀಟು ಚಿಕ್ಕದಾಯಿತು, ಆದರೆ ಹೋಗಲಿಲ್ಲ. ದಿಕ್ಸೂಚಿಯ ಮುಳ್ಳನ್ನು ಕಣದ ಸಿಮೆಂಟಿನೊಳಗಿನ ಕಬ್ಬಿಣವೂ ಮೋಟರಿನ ಕಾಂತವೂ ಎಳೆಯುತ್ತಿದ್ದವು. ಎರಡು ಹೆಜ್ಜೆ ಸರಿದು ನೋಡಿದರೆ ಮುಳ್ಳು ಬೇರೆಯೇ ಉತ್ತರ ತೋರಿಸುತ್ತಿತ್ತು.

ಶಂಕು

ಇಲ್ಲಿಗೆ ಬಂದಾಗ ನೆನಪಾಗಿದ್ದು ದೇವಾಲಯ ಕಟ್ಟುವವರು ದಿಕ್ಕು ಹಿಡಿಯುತ್ತಿದ್ದ ಶಂಕು. ಶುಲ್ಬಸೂತ್ರಗಳಲ್ಲಿ ಇದೆ, ಸೂರ್ಯಸಿದ್ಧಾಂತದಲ್ಲಿ ಇದೆ, ವಾಸ್ತು ಗ್ರಂಥಗಳಲ್ಲಿಯೂ ಇದೆ. ಸಮತಟ್ಟಾದ ನೆಲದಲ್ಲಿ ನೆಟ್ಟಗೆ ಒಂದು ಕಡ್ಡಿ ನಿಲ್ಲಿಸಿ, ಅದನ್ನೇ ಕೇಂದ್ರ ಮಾಡಿ ವೃತ್ತ ಎಳೆಯಬೇಕು. ಬೆಳಿಗ್ಗೆ ಕುಗ್ಗುತ್ತ ಬರುವ ನೆರಳಿನ ತುದಿ ವೃತ್ತದೊಳಕ್ಕೆ ಬರುವ ಜಾಗಕ್ಕೊಂದು ಗುರುತು, ಮಧ್ಯಾಹ್ನದ ಮೇಲೆ ಬೆಳೆಯುವ ನೆರಳು ವೃತ್ತದಿಂದ ಹೊರಗೆ ಹೋಗುವ ಜಾಗಕ್ಕೊಂದು ಗುರುತು. ಎರಡನ್ನೂ ಸೇರಿಸುವ ಗೆರೆ ಪೂರ್ವ–ಪಶ್ಚಿಮ. ಅದರ ಮಧ್ಯಬಿಂದುವಿನಿಂದ ಶಂಕುವಿನ ಬುಡಕ್ಕೆ ಎಳೆದರೆ ಉತ್ತರ–ದಕ್ಷಿಣ. ಗಡಿಯಾರ ಬೇಡ, ಮುಳ್ಳು ಬೇಡ, ಧ್ರುವವೂ ಬೇಡ.

ಡಿಸೆಂಬರಿನ ಕೊನೆಯ ವಾರ ಇದಕ್ಕೆ ಬಹಳ ಒಳ್ಳೆಯದು. ಉತ್ತರಾಯಣದ ತಿರುವಿನ ಹತ್ತಿರ ಸೂರ್ಯನ ಕ್ರಾಂತಿ (ಆಕಾಶದ ಸಮಭಾಜಕದಿಂದ ಉತ್ತರಕ್ಕೋ ದಕ್ಷಿಣಕ್ಕೋ ಇರುವ ದೂರ) ಹೆಚ್ಚು ಬದಲಾಗುವುದಿಲ್ಲ, ಆದ್ದರಿಂದ ಬೆಳಗಿನ ನೆರಳಿಗೂ ಮಧ್ಯಾಹ್ನದ ನೆರಳಿಗೂ ನ್ಯಾಯವಾದ ಹೋಲಿಕೆ ಸಿಗುತ್ತದೆ. ಬೇರೆ ಕಾಲದಲ್ಲಿ ಮಾಡಬೇಕಾದರೆ ಆ ಬದಲಾವಣೆಗೆ ತಿದ್ದುಪಡಿಯನ್ನೂ ಸಿದ್ಧಾಂತ ಗ್ರಂಥಗಳು ಹೇಳಿವೆ.

ಅದೇ ವಾರ ಕೊಯ್ಲಿನ ಭರ. ಕಣದ ತುಂಬ ಅರೇಬಿಕಾ ಹರವಿತ್ತು. ದಕ್ಷಿಣದ ಮೂಲೆಯಲ್ಲಿ ಒಂದಷ್ಟು ಜಾಗ ಬಿಡಿಸಿಕೊಂಡೆ. ನೀರು ಹರಿದುಹೋಗಲೆಂದು ಕಣಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ಅದರ ಮೇಲೆ ನೇರವಾಗಿ ಅಳೆದರೆ ದಿಕ್ಕು ತಪ್ಪುತ್ತದೆ. ಪ್ಲೈವುಡ್ ಹಾಸಿ, ಕೆಳಗೆ ಚೂರು ಕೊಟ್ಟು, ರಸಮಟ್ಟದಲ್ಲಿ ನಾಲ್ಕೂ ಕಡೆ ಸಮ ಮಾಡಿದೆ. ಹಳೆಯ ಪದ್ಧತಿಯ ಶಂಕು ಹನ್ನೆರಡು ಅಂಗುಲ. ನನ್ನದು 30 ಸೆಂ.ಮೀ. ಕಬ್ಬಿಣದ ಸರಳು, ತೂಗುಗುಂಡಿನಿಂದ ನೆಟ್ಟಗೆ ನಿಲ್ಲಿಸಿದ್ದು. ನೆರಳಿನ ತುದಿ ಮಸುಕಾಗಿರುತ್ತದೆ, ಏಕೆಂದರೆ ಸೂರ್ಯನೇ ಅರ್ಧ ಡಿಗ್ರಿ ಅಗಲ. ಅದಕ್ಕೆ ಸರಳಿನ ತಲೆಯ ಮೇಲೆ ಎರಡು ಮಿ.ಮೀ. ತೂತಿನ ತಗಡು ಕೂರಿಸಿ, ತೂತು ಸರಳಿನ ನೇರಕ್ಕೇ ಬರುವಂತೆ ನೋಡಿಕೊಂಡೆ. ಆಗ ನೆರಳಿನ ಒಳಗೆ ದುಂಡನೆಯ ಬೆಳಕಿನ ಬೊಟ್ಟು ಬೀಳುತ್ತದೆ, ಅದರ ಮಧ್ಯವನ್ನು ಒಂದು ಮಿ.ಮೀ. ಒಳಗೆ ಗುರುತಿಸಬಹುದು. 30, 35, 40 ಸೆಂ.ಮೀ. ತ್ರಿಜ್ಯದ ಮೂರು ವೃತ್ತ ಎಳೆದೆ. ದೊಡ್ಡ ವೃತ್ತವನ್ನು ಬೊಟ್ಟು ದಾಟಿದ್ದು ಬೆಳಿಗ್ಗೆ ಹತ್ತಕ್ಕೆ ಸ್ವಲ್ಪ ಮೊದಲು ಮತ್ತು ಮಧ್ಯಾಹ್ನ ಮೂರು ಕಳೆದ ಮೇಲೆ. ಮೂರು ವೃತ್ತ ಕೊಟ್ಟ ಮೂರು ಗೆರೆಗಳೂ ಒಂದಕ್ಕೊಂದು ಸಮಾನಾಂತರವಾಗಿ ಬಂದಾಗ ಆದ ಸಂತೋಷವನ್ನು ಇಲ್ಲಿ ಹೇಳದೆ ಇರಲಾರೆ. ನೆರಳು ಅತ್ಯಂತ ಗಿಡ್ಡವಾದದ್ದು 12 ಗಂಟೆ 27 ನಿಮಿಷದ ಆಸುಪಾಸಿನಲ್ಲಿ. ಭಾರತೀಯ ಕಾಲಮಾನ 82.5 ಡಿಗ್ರಿ ರೇಖಾಂಶದ್ದು, ನಾವು 75.7ರಲ್ಲಿ ಇದ್ದೇವೆ; ಡಿಗ್ರಿಗೆ ನಾಲ್ಕು ನಿಮಿಷದಂತೆ 27 ನಿಮಿಷ ತಡ. ಅದೂ ತಾಳೆಯಾಯಿತು.

ಗೆರೆಯನ್ನು ದಾರ ಹಿಡಿದು ಉದ್ದಕ್ಕೆ ಎಳೆದು, ಕಣದ ಸಿಮೆಂಟಿನಲ್ಲಿ ನಾಲ್ಕು ಅಡಿ ಅಂತರದಲ್ಲಿ ಎರಡು ಹಿತ್ತಾಳೆ ಮೊಳೆ ಕೂರಿಸುವ ಯೋಚನೆ ಮಾಡಿದೆ. ಗೌಡರನ್ನು ಕೇಳಿದಾಗ ಅವರ ಪ್ರಶ್ನೆ ಒಂದೇ: “ಕಾಫಿ ಎಳೆಯುವವರ ಕಾಲಿಗೆ ಚುಚ್ಚುವುದಿಲ್ಲ ತಾನೆ?” ಮೊಳೆಯ ತಲೆ ನೆಲದ ಮಟ್ಟಕ್ಕೆ ಇರುವಂತೆ ಹೊಡೆದು ಉಜ್ಜಿದೆ. ಅಂದಿನಿಂದ ಯಂತ್ರ ಇಡುವುದು ಐದು ನಿಮಿಷದ ಕೆಲಸ. ಕೀಲಿನ ಅಂಚನ್ನು ಎರಡು ಮೊಳೆಗಳ ಗೆರೆಗೆ ಕೂಡಿಸಿ, ರಸಮಟ್ಟ ನೋಡಿದರೆ ಮುಗಿಯಿತು.

ಇಷ್ಟು ಒರಟಾದ ವಿಧಾನ ಸಾಕೇ ಎಂದು ಕೇಳಬಹುದು. ಅಕ್ಷ ಒಂದು ಡಿಗ್ರಿ ತಪ್ಪಿದ್ದರೂ ಒಂದು ನಿಮಿಷದಲ್ಲಿ ನಕ್ಷತ್ರ ಜಾರುವುದು ಹೆಚ್ಚೆಂದರೆ 16 ವಿಕಲೆ. 50 ಮಿ.ಮೀ. ಲೆನ್ಸಿನಲ್ಲಿ ಅದು ಒಂದು ಪಿಕ್ಸೆಲ್ಲೂ ಅಲ್ಲ. ಶಂಕುವಿನಿಂದ ಅರ್ಧ ಡಿಗ್ರಿಯ ಒಳಗೆ ದಿಕ್ಕು ಸಿಗುತ್ತದೆ. ನಿಜ ಹೇಳಬೇಕೆಂದರೆ ಧ್ರುವ ನಕ್ಷತ್ರವೇ ನಿಜವಾದ ಧ್ರುವದಿಂದ ಅರ್ಧ ಡಿಗ್ರಿಗಿಂತ ಹೆಚ್ಚು ದೂರದಲ್ಲಿದೆ. ಬರಿಗಣ್ಣಿನಿಂದ ಅದಕ್ಕೆ ಗುರಿ ಹಿಡಿದವರಿಗಿಂತ ನನ್ನ ಸ್ಥಿತಿ ಕೆಟ್ಟದ್ದೇನಲ್ಲ.

ಎಳ್ಳಮಾವಾಸ್ಯೆ

ಎಳ್ಳಮಾವಾಸ್ಯೆಯ ರಾತ್ರಿ ಮೊದಲ ಬಾರಿಗೆ ದುಂಡನೆಯ ನಕ್ಷತ್ರಗಳು ಬಂದವು. ಎಫ್ 2.8, ಐಎಸ್ಒ 1600, ಒಂದೊಂದು ನಿಮಿಷದ ಅರವತ್ತು ಚಿತ್ರ, ಎಲ್ಲವೂ ರಾ ಫೈಲು. ಲೆನ್ಸನ್ನು ಪೂರ್ತಿ ಎಫ್ 1.8ಕ್ಕೆ ತೆರೆಯಬೇಡಿ; ಮೂಲೆಯ ನಕ್ಷತ್ರಗಳಿಗೆ ರೆಕ್ಕೆ ಬರುತ್ತದೆ. ಫೋಕಸ್ ಮಾಡಲು ಲುಬ್ಧಕ (ಸಿರಿಯಸ್) ನಕ್ಷತ್ರವನ್ನು ಲೈವ್ ವ್ಯೂನಲ್ಲಿ ಹತ್ತು ಪಟ್ಟು ಹಿಗ್ಗಿಸಿ, ಚುಕ್ಕೆ ಆದಷ್ಟು ಚಿಕ್ಕದಾಗುವವರೆಗೆ ಉಂಗುರ ತಿರುಗಿಸಿ, ಟೇಪು ಅಂಟಿಸಿದೆ. ಶಟರಿಗೆ ತಂತಿ ರಿಮೋಟು.

ಮಹಾವ್ಯಾಧನ ಭುಜದ ಕೆಂಪು ನಕ್ಷತ್ರವನ್ನು ಕ್ಯಾಮೆರಾದ ಪರದೆಯಲ್ಲಿ ಅಮ್ಮನಿಗೆ ತೋರಿಸಿ, ಇದು ಆರ್ದ್ರಾ ಎಂದೆ. “ಆರಿದ್ರಾ ಎಂದರೆ ಮಳೆಯಲ್ಲವೇನಪ್ಪ?” ಎಂದು ಅವರು ಕೇಳಿದರು. ಜೂನ್ ಕೊನೆಯಲ್ಲಿ ಸೂರ್ಯ ಈ ನಕ್ಷತ್ರದ ಬಳಿ ನಿಂತಿರುತ್ತಾನೆ, ಆಗ ಬೀಳುವ ಮಳೆಗೆ ಅದರ ಹೆಸರು. ಆರಿದ್ರಾ ಮಳೆ ಸುರಿಯುವ ದಿನಗಳಲ್ಲಿ ಆರ್ದ್ರಾ ನಕ್ಷತ್ರ ಹಗಲಿನ ಬೆಳಕಿನಲ್ಲಿ ಮುಳುಗಿರುತ್ತದೆ. ಅದನ್ನು ಕಣ್ಣಾರೆ ನೋಡಬೇಕಾದರೆ ಆರು ತಿಂಗಳು ಕಾದು ಇಂಥ ಚಳಿಯಲ್ಲಿ ಹೊರಗೆ ಬರಬೇಕು. ಅಮ್ಮ ಶಾಲು ಹೊದ್ದು ಬಹಳ ಹೊತ್ತು ಕಣದಲ್ಲೇ ನಿಂತಿದ್ದರು.

ಹನ್ನೊಂದರ ಹೊತ್ತಿಗೆ ಲೆನ್ಸಿನ ಮೇಲೆ ಇಬ್ಬನಿ ಕಟ್ಟಿತು. ಸಂಜೆ ಕಾಫಿಯನ್ನು ರಾಶಿ ಮಾಡಿ ಟಾರ್ಪಾಲು ಹೊದಿಸುವುದೇ ಈ ಇಬ್ಬನಿಗೆ ಹೆದರಿ, ಲೆನ್ಸನ್ನು ಬಿಡುತ್ತದೆಯೇ? ಕೊನೆಯ ಇಪ್ಪತ್ತು ಚಿತ್ರ ಹಾಳಾದವು. ಮರುವಾರ ಅರ್ಧ ವ್ಯಾಟಿನ 68 ಓಮ್ ರೆಸಿಸ್ಟರ್ ಹತ್ತನ್ನು ಸಮಾನಾಂತರವಾಗಿ ಬೆಸೆದು, ಬಟ್ಟೆಯ ಪಟ್ಟಿಯೊಳಗೆ ಹೊಲಿದು ಲೆನ್ಸಿಗೆ ಸುತ್ತಿದೆ. ಐದು ವೋಲ್ಟಿಗೆ ಸುಮಾರು 3.7 ವ್ಯಾಟು ಶಾಖ. ಮುಟ್ಟಿದರೆ ಉಗುರುಬೆಚ್ಚಗೆ ಅಷ್ಟೇ, ಆದರೆ ಆಮೇಲೆ ಒಮ್ಮೆಯೂ ಇಬ್ಬನಿ ಕೂರಲಿಲ್ಲ.

ಉಳಿದ ನಲವತ್ತು ಚಿತ್ರಗಳನ್ನು ಸಿರಿಲ್ ಎಂಬ ಉಚಿತ ತಂತ್ರಾಂಶದಲ್ಲಿ ಒಂದರ ಮೇಲೊಂದು ಪೇರಿಸಿದೆ. ನಲವತ್ತು ಸೇರಿದರೆ ಚಿತ್ರದ ಮೇಲಿನ ಕಾಳುಕಾಳಾದ ಗೊಜಲು (ನಾಯ್ಸ್) ಆರರಲ್ಲಿ ಒಂದಕ್ಕಿಂತ ಕಡಿಮೆಗೆ ಇಳಿಯುತ್ತದೆ. ಲೆನ್ಸಿನ ಮುಚ್ಚಳ ಹಾಕಿ ಅದೇ ಚಳಿಯಲ್ಲಿ ತೆಗೆದ ಇಪ್ಪತ್ತು ಕತ್ತಲೆ ಚಿತ್ರ, ಬೆಳಗಿನ ಆಕಾಶಕ್ಕೆ ಬಿಳಿ ಪಂಚೆಯ ತುಂಡು ಅಡ್ಡ ಹಿಡಿದು ತೆಗೆದ ಇಪ್ಪತ್ತು ಸಮಬೆಳಕಿನ ಚಿತ್ರ ಇಲ್ಲದಿದ್ದರೆ ಮೂಲೆಗಳು ಕಪ್ಪಾಗಿ ಉಳಿಯುತ್ತಿದ್ದವು. ಬೂದು ಮಸುಕಿದ್ದ ಜಾಗದಲ್ಲಿ ಈಗ ಗುಲಾಬಿ ಬಣ್ಣದ ರೆಕ್ಕೆ ಬಿಚ್ಚಿದ ನೀಹಾರಿಕೆ.

ಕೂದಲಿಗಿಂತ ಸಣ್ಣ ತಪ್ಪು

ಜನವರಿ ಕೊನೆಯಲ್ಲಿ 135 ಮಿ.ಮೀ.ನ ಹಳೆಯ ಮ್ಯಾನುಯಲ್ ಲೆನ್ಸು ಸಿಕ್ಕಿತು. ಅದರಲ್ಲಿ ಪಿಕ್ಸೆಲ್ಲಿಗೆ ಎಂಟು ವಿಕಲೆ. ಅಲ್ಲಿಯವರೆಗೆ ಅಡಗಿದ್ದ ತಪ್ಪುಗಳೆಲ್ಲ ಹೊರಬಂದವು. 30 ಸೆಕೆಂಡಿನ ಚಿತ್ರ ಸಾಲಾಗಿ ತೆಗೆದರೆ ಒಂದರಲ್ಲಿ ನಕ್ಷತ್ರ ದುಂಡಗೆ, ಮುಂದಿನದರಲ್ಲಿ ಎಳೆದಂತೆ, ಮತ್ತೆ ದುಂಡಗೆ. ಹೀಗೆ ಒಂದು ಬಿಟ್ಟು ಒಂದು ಕೆಡುತ್ತಿದೆ ಎಂದರೆ ತಪ್ಪಿನ ಅವಧಿ ಒಂದು ನಿಮಿಷ. ಈ ಯಂತ್ರದಲ್ಲಿ ನಿಮಿಷಕ್ಕೆ ಒಮ್ಮೆ ತಿರುಗುವುದು ನಟ್ಟು. ಅದರ ತಳ ವಾಷರಿನ ಮೇಲೆ ಸಮವಾಗಿ ಕೂರದೆ, ಸುತ್ತಿಗೊಮ್ಮೆ ಹಲಗೆಯನ್ನು ಎತ್ತಿ ಇಳಿಸುತ್ತಿತ್ತು. ವೇಗದಲ್ಲಿ ಮೊದಲೇ ಇದ್ದ ಅಲ್ಪ ತಪ್ಪನ್ನು ಅರ್ಧ ಸುತ್ತಿನಲ್ಲಿ ಅದು ಅಳಿಸುತ್ತಿತ್ತು, ಇನ್ನರ್ಧದಲ್ಲಿ ಹೆಚ್ಚಿಸುತ್ತಿತ್ತು.

ನಟ್ಟು 0.02 ಮಿ.ಮೀ. ಏರುಪೇರಾದರೆ ಆಕಾಶದಲ್ಲಿ 18 ವಿಕಲೆ. ತಲೆಗೂದಲಿನ ದಪ್ಪಕ್ಕಿಂತ ಕಡಿಮೆ! ಲೇತ್ ಅಂಗಡಿಯಲ್ಲಿ ನಟ್ಟಿನ ತಳವನ್ನು ಅಕ್ಷಕ್ಕೆ ಲಂಬವಾಗಿ ಸವರಿಸಿ, ವಾಷರಿನ ಬದಲು ಚಿಕ್ಕ ಥ್ರಸ್ಟ್ ಬೇರಿಂಗ್ ಹಾಕಿದೆ. ಈಗ 135ರಲ್ಲಿ ಹತ್ತಕ್ಕೆ ಎಂಟು ಚಿತ್ರ ಉಳಿಯುತ್ತವೆ. ಎರಡನ್ನು ಎಸೆಯಲು ಬೇಸರವಿಲ್ಲ.

ಮಹಾವ್ಯಾಧನ ಪಟ್ಟಿಯ ಬಳಿ ಒಂದೊಂದು ಚಿತ್ರವನ್ನೂ ಹಿಗ್ಗಿಸಿ ನೋಡುವಾಗ ಪೂರ್ವ–ಪಶ್ಚಿಮವಾಗಿ ಸಣ್ಣ ತೆಳು ಗೀರುಗಳು ಕಂಡವು, ಎಲ್ಲವೂ ಒಂದೇ ಉದ್ದ, ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ. ವಿಮಾನವಲ್ಲ, ಉಲ್ಕೆಯಲ್ಲ. ಅವು ಭೂಸ್ಥಿರ ಉಪಗ್ರಹಗಳು. ನೆಲಕ್ಕೆ ಹೋಲಿಸಿದರೆ ಅವು ನಿಂತಲ್ಲೇ ನಿಂತಿರುತ್ತವೆ. ನನ್ನ ಕ್ಯಾಮೆರಾ ನಕ್ಷತ್ರಗಳ ಜೊತೆ ತಿರುಗುತ್ತಿರುವುದರಿಂದ ಅವೇ ಓಡಿದಂತೆ ಕಾಣುತ್ತವೆ. ಸಮಭಾಜಕದ ನೇರಕ್ಕೆ ಇರುವ ಆ ಉಪಗ್ರಹಗಳು ನಮ್ಮ ಅಕ್ಷಾಂಶದಿಂದ ನೋಡಿದರೆ ಸುಮಾರು 2.3 ಡಿಗ್ರಿ ದಕ್ಷಿಣ ಕ್ರಾಂತಿಯಲ್ಲಿ ಕಾಣುತ್ತವೆ, ಕುದುರೆತಲೆ ನೀಹಾರಿಕೆಯೂ ಬಹುತೇಕ ಅಲ್ಲೇ ಇದೆ. ಇಸ್ರೊದ ಭೂಸ್ಥಿರ ಉಪಗ್ರಹಗಳನ್ನು ನಡೆಸುವ ಮುಖ್ಯ ನಿಯಂತ್ರಣ ಕೇಂದ್ರ ಹಾಸನದಲ್ಲಿದೆ, 1982ರಿಂದ. ಅಕ್ಕನ ಮನೆಗೆ ಹೋಗುವಾಗ ಅದರ ದೊಡ್ಡ ಆಂಟೆನಾಗಳನ್ನು ಎಷ್ಟೋ ಸಲ ನೋಡಿದ್ದೇನೆ. ಅವು ಮುಖ ಮಾಡಿ ನಿಂತಿರುವ ಆಕಾಶದ ಪಟ್ಟಿಯೇ ನನ್ನ ಚಿತ್ರದಲ್ಲಿ ಮೂಡಿದೆ ಎಂದು ತಿಳಿದ ಮೇಲೆ ಗೀರಿರುವ ಒಂದು ಚಿತ್ರವನ್ನು ಬೇರೆಯಾಗಿ ಎತ್ತಿಟ್ಟುಕೊಂಡೆ. ಪೇರಿಸುವಾಗ ತಂತ್ರಾಂಶ ಇಂಥ ಗೀರುಗಳನ್ನು ತಾನೇ ಅಳಿಸುತ್ತದೆ.

ಕುದುರೆತಲೆ ಮಾತ್ರ ಇನ್ನೂ ಸರಿಯಾಗಿ ಬಂದಿಲ್ಲ. ಅದರ ಹಿಂದಿನ ಕೆಂಪು 656 ನ್ಯಾನೊಮೀಟರಿನ ಹೈಡ್ರೋಜನ್ ಬೆಳಕು; ಕ್ಯಾಮೆರಾದ ಒಳಗಿನ ಫಿಲ್ಟರ್ ಅದರ ಬಹುಪಾಲನ್ನು ತಡೆಯುತ್ತದೆ. ಫಿಲ್ಟರ್ ತೆಗೆಸುವ ಧೈರ್ಯ ನನಗೆ ಸದ್ಯಕ್ಕಿಲ್ಲ.

ಶಿವರಾತ್ರಿ, ಆಮೇಲೆ ಹೂಮಳೆ

ಶಿವರಾತ್ರಿ ಅಮಾವಾಸ್ಯೆಯ ಹಿಂದಿನ ರಾತ್ರಿ. ಚಂದ್ರನ ಕಾಟವಿಲ್ಲ, ಮನೆಯವರೆಲ್ಲ ಹೇಗೂ ಎಚ್ಚರ. ಕಾಡಾನೆ ಬಂದ ಸುದ್ದಿ ಇದ್ದ ರಾತ್ರಿ ನಾನು ಕಣಕ್ಕೆ ಇಳಿಯುವುದಿಲ್ಲ, ಯಾವ ಚಿತ್ರಕ್ಕಾಗಿಯೂ ಇಳಿಯಬಾರದು. ಅಂದು ಆನೆಗಳು ದೂರ ಇದ್ದವು. ನಡುರಾತ್ರಿ ಕಳೆದ ಮೇಲೆ ದಕ್ಷಿಣದಲ್ಲಿ, ದಿಗಂತದಿಂದ 17 ಡಿಗ್ರಿ ಎತ್ತರಕ್ಕೆ ಕರೀನಾ ನೀಹಾರಿಕೆ ಬಂತು. ಅದರೊಳಗಿನ ಈಟಾ ಕರೀನೇ 1843ರಲ್ಲಿ ಸಿಡಿದು ಲುಬ್ಧಕವನ್ನು ಬಿಟ್ಟರೆ ಆಕಾಶದಲ್ಲೇ ಅತ್ಯಂತ ಪ್ರಕಾಶಮಾನವಾಗಿತ್ತು. ದೆಹಲಿಯಲ್ಲಿ ಈ ನೀಹಾರಿಕೆ ಎರಡು ಡಿಗ್ರಿಯೂ ಮೇಲೇರುವುದಿಲ್ಲ. ಧ್ರುವವನ್ನು ಮರಗಳ ಹಿಂದೆ ಮರೆಮಾಡಿದ ಅದೇ 13 ಡಿಗ್ರಿ ದಕ್ಷಿಣದಲ್ಲಿ ಇದನ್ನು ತೆರೆದಿಟ್ಟಿದೆ. ಮಗಳು ರಿಮೋಟು ಒತ್ತಿದಳು. ಒಂದೇ ಚಿತ್ರದಲ್ಲೇ, ಪೇರಿಸುವ ಮೊದಲೇ, ಕೆಂಪು ಹೂವಿನಂತೆ ಕಂಡಿತು. ಬೆಳಗಿನ ಜಾವ ಒಮೆಗಾ ಸೆಂಟಾರಿ ತಾರಾಗುಚ್ಛವನ್ನೂ ತೆಗೆದೆವು: ಸಕ್ಕರೆ ಚೆಲ್ಲಿದಂತೆ ಒತ್ತಾದ ಲಕ್ಷಾಂತರ ನಕ್ಷತ್ರ, ಸುಮಾರು 17,000 ಜ್ಯೋತಿರ್ವರ್ಷ ದೂರ.

ಮಾರ್ಚಿನ ಮಧ್ಯದಲ್ಲಿ ಹೂಮಳೆ ಬಂತು. ಕಾಫಿಗೆ ಬೇಕಾದ ಮಳೆ. ಎರಡು ವಾರ ಕಾದಿದ್ದೆವು. ರಾಡಿಗೆ ಹೊಲಿಗೆ ಯಂತ್ರದ ಎಣ್ಣೆ ಸವರಿ, ಹಲಗೆಗಳನ್ನು ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದೇನೆ. ಈ ಬೇಸಿಗೆಯಲ್ಲಿ ಕಣಕ್ಕೆ ಹೊಸ ಸಿಮೆಂಟು ಹಾಕಿಸುವುದಾಗಿ ಗೌಡರು ಹೇಳುತ್ತಿದ್ದಾರೆ. ಅದಕ್ಕೂ ಮೊದಲು ಒಂದು ಭಾನುವಾರ ದಾರ ಹಿಡಿದು, ಎರಡು ಮೊಳೆಗಳ ಗೆರೆಯನ್ನು ದಕ್ಷಿಣಕ್ಕಿರುವ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಗೋಡೆಯ ಮೇಲೆ ಗುರುತು ಹಾಕಿಕೊಳ್ಳಬೇಕು.